‘ರೆಪಾಸಿಟರಿ’ಗೆ ಕನ್ನಡ ಪದ ಬೇಕು (ನಾಮಫಲಕಕ್ಕೆ, ನಾಳೆ ಮಧ್ಯಾಹ್ನದೊಳಗೆ)

ಗ್ರಂಥಪಾಲಕಿ, ಹಾವೇರಿ ಕಡೆಯಿಂದ:

ಮಾನ್ಯರೇ, ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹಳೆಯ ನಿಯತಕಾಲಿಕಗಳ ಕೋಣೆಯನ್ನು ತೆರವು ಮಾಡಿ ಸರ್ವರ್ ಮತ್ತು ಎಂಟು ಕಂಪ್ಯೂಟರ್ ಇರಿಸಿದ್ದೇವೆ. ಪಿಎಚ್.ಡಿ. ಪ್ರಬಂಧಗಳು, ಅಧ್ಯಾಪಕರ ಲೇಖನಗಳು, ಕೆಲವು ಓಲೆಗರಿ ಕಟ್ಟುಗಳ ಚಿತ್ರಗಳು ಅಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ. ಇಂಗ್ಲಿಷ್ ಫಲಕದಲ್ಲಿ ‘ಇನ್‌ಸ್ಟಿಟ್ಯೂಷನಲ್ ರೆಪಾಸಿಟರಿ’ ಎಂದಿದೆ; ಪಕ್ಕದ ಕೋಣೆಗೆ ‘ಡಿಜಿಟೈಸೇಷನ್ ಯೂನಿಟ್’. ಕುಲಸಚಿವರ ಕಚೇರಿ ಕಳಿಸಿದ ಕನ್ನಡ: ‘ಸಾಂಸ್ಥಿಕ ಭಂಡಾರ’, ‘ಅಂಕೀಕರಣ ಘಟಕ’.

ನಮ್ಮ ಕಡೆ ಭಂಡಾರವೆಂದರೆ ಮೈಲಾರಲಿಂಗನ ಅರಿಸಿನಪುಡಿ. ಅಟೆಂಡರ್ ಓದಿ ನಕ್ಕರು. ‘ಅಂಕೀಕರಣ’ವನ್ನು ಕಾಗದದಲ್ಲಿ ಬರೆದು ಬಾಗಿಲಿಗೆ ಅಂಟಿಸಿದ ದಿನವೇ ಮೂವರು ವಿದ್ಯಾರ್ಥಿಗಳು ಅಂಕಪಟ್ಟಿ ತಿದ್ದಿಸಲು ಬಂದರು. ಫಲಕ ಬರೆಯುವವರು ನಾಳೆ ಬರುತ್ತಾರೆ. ದಯವಿಟ್ಟು ಬೇಗ ತಿಳಿಸಿ.

ಅಚ್ಚಗನ್ನಡ ಬಳಗದವ:

‘ಹೊತ್ತಗೆ ಕಣಜ’. ಇದರಲ್ಲಿ ಚರ್ಚೆಗೇನೂ ಇಲ್ಲ. ಜೊತೆಗೆ ಗ್ರಂಥಾಲಯವನ್ನೂ ‘ಹೊತ್ತಗೆಮನೆ’ ಎಂದು ತಿದ್ದಿಬಿಡಿ. ಮಿಂಚಂಚೆ ಎಂದು ಬರೆಯಲು ಕಲಿತ ನಾಡಿಗೆ ಸಂಸ್ಕೃತದ ಊರುಗೋಲು ಇನ್ನೆಷ್ಟು ದಿನ?

ನಿವೃತ್ತ ಅಧ್ಯಾಪಕ, ಮೈಸೂರು:

ಪುಸ್ತಕ, ಪೊತ್ತಗೆ, ಹೊತ್ತಗೆ. ತದ್ಭವವನ್ನು ಹಿಡಿದುಕೊಂಡು ಅಚ್ಚಗನ್ನಡದ ಮೆರವಣಿಗೆ ಹೊರಟಿದ್ದೀರಿ. ‘ಪುಸ್ತಕ’ವೇ ಚರ್ಮ ಎಂಬರ್ಥದ ಇರಾನಿ ಪದದಿಂದ ಸಂಸ್ಕೃತಕ್ಕೆ ಬಂದದ್ದು ಎನ್ನುವ ವಿದ್ವಾಂಸರೂ ಇದ್ದಾರೆ. ಊರುಗೋಲು ಯಾರದು ಎಂದು ನೀವೇ ನೋಡಿಕೊಳ್ಳಿ.

ಅಚ್ಚಗನ್ನಡ ಬಳಗದವ:

ಸಾವಿರ ವರ್ಷ ಕನ್ನಡದ ನಾಲಗೆಯ ಮೇಲೆ ಉರುಳಿದ್ದು ಕನ್ನಡವೇ. ಕಣಜದ ಬಗ್ಗೆ ಏನೂ ಹೇಳಲಿಲ್ಲವಲ್ಲ?

ಗ್ರಂಥಾಲಯ ವಿಜ್ಞಾನದವರು, ಬೆಂಗಳೂರು:

ನಾನು ಹೇಳುತ್ತೇನೆ. ಕಣಜ ತುಂಬಿದ ಮೇಲೆ ಬಾಯಿಗೆ ಸಗಣಿ ಸಾರಿಸಿ ಮುಚ್ಚುತ್ತಾರೆ. ಹಗೇವಾದರೆ ನೆಲದೊಳಗೇ ಹೂತಂತೆ. ನಮ್ಮ ಎಷ್ಟೋ ಗ್ರಂಥಾಲಯಗಳು ಪ್ರಬಂಧಗಳನ್ನು ಹಾಗೆಯೇ ಇಟ್ಟಿದ್ದವು: ಬೀರು, ಬೀಗ, ಮಾರ್ಗದರ್ಶಕರ ಪತ್ರ. ರೆಪಾಸಿಟರಿ ಬಂದದ್ದೇ ಆ ಬೀಗ ತೆಗೆಯಲು. ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ಅಂಥದ್ದನ್ನು ಆರಂಭಿಸಿ ‘ಇ-ಪ್ರಿಂಟ್ಸ್’ ಎಂದಿತು. ದೇಶದ ಪ್ರಬಂಧಗಳನ್ನೆಲ್ಲ ಒಂದೆಡೆ ತರುವ ಇನ್‌ಫ್ಲಿಬ್‌ನೆಟ್‌ನವರು ‘ಶೋಧಗಂಗಾ’ ಎಂದರು. ಹರಿಯುವುದಕ್ಕೆ ಹೋಲಿಸಿದರು, ಕೂಡಿಡುವುದಕ್ಕಲ್ಲ. ಅಂದಹಾಗೆ ‘ಕಣಜ’ ಎಂಬ ಹೆಸರಿನ ಜಾಲತಾಣವನ್ನು ಕರ್ನಾಟಕ ಜ್ಞಾನ ಆಯೋಗ ಎಂದೋ ಮಾಡಿದೆ.

ಇನ್ನೊಂದು ಮಾತು, ಪದಕ್ಕಿಂತ ದೊಡ್ಡದು. ಪುಟದ ಚಿತ್ರ ತೆಗೆದು ಪಿಡಿಎಫ್ ಮಾಡಿದರೆ ಡಿಜಿಟಲ್ ಆಯಿತೆಂದು ತಿಳಿಯಬೇಡಿ. ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರಸಂಕೇತ) ಅಲ್ಲದ, ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಬೆರಳಚ್ಚಾದ ಕನ್ನಡ ಪ್ರಬಂಧದಲ್ಲಿ ‘ವಚನ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ನಕಲು ಮಾಡಿದರೆ ಇಂಗ್ಲಿಷ್ ಅಕ್ಷರಗಳ ಚಿಂದಿ ಬರುತ್ತದೆ. ಮೊದಲು ಅದನ್ನು ಯೂನಿಕೋಡಿಗೆ ತನ್ನಿ. ಲೇಖಕರ ಹೆಸರು, ವಿಷಯಸೂಚಿಗಳನ್ನು ಕನ್ನಡದಲ್ಲೇ ತುಂಬಿ. 1931ರಲ್ಲೇ ಗ್ರಂಥಾಲಯ ವಿಜ್ಞಾನಿ ರಂಗನಾಥನ್ ‘ಪುಸ್ತಕಗಳಿರುವುದು ಬಳಕೆಗೆ’, ‘ಓದುಗರ ಸಮಯ ಉಳಿಸಿ’ ಎಂದು ಸೂತ್ರ ಬರೆದರು. ಫಲಕಕ್ಕೂ ಅದೇ ಸೂತ್ರ ಸಾಕು. ಓದುಗನಿಗೆ ರೆಪಾಸಿಟರಿ ಬೇಕಿಲ್ಲ, ಪ್ರಬಂಧ ಬೇಕು. ಒಳಗೇನು ಸಿಗುತ್ತದೆ ಎಂಬುದನ್ನೇ ಬರೆಯಿರಿ.

ಶೃಂಗೇರಿ ಸೀಮೆಯವ:

‘ಕಡತ’ ಯಾರಿಗೂ ನೆನಪಾಗದಿರುವುದು ಆಶ್ಚರ್ಯ. ಇಂದು ಅದು ಸರ್ಕಾರಿ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ತೆವಳುವ ಫೈಲು. ಹಿಂದೆ ಅದೇ ಪುಸ್ತಕವಾಗಿತ್ತು. ಬಟ್ಟೆಗೆ ಹುಣಸೆಬೀಜದ ಸರಿಯನ್ನು ಇದ್ದಿಲಪುಡಿಯೊಂದಿಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥ ಕಡತಗಳಿವೆ. ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಹಾರ್ಡ್ ಡಿಸ್ಕಿಗೆ ಇದಕ್ಕಿಂತ ಹತ್ತಿರದ ನೆಂಟ ಕನ್ನಡದಲ್ಲಿ ಇನ್ನೊಬ್ಬನಿಲ್ಲ. ‘ಕಡತಮನೆ’ ಎನ್ನಿ.

ನಿವೃತ್ತ ಅಧ್ಯಾಪಕ, ಮೈಸೂರು:

ಕಡತಮನೆ ಎಂದರೆ ಜನ ಪಿಂಚಣಿ ಅರ್ಜಿ ಹಿಡಿದು ಬರುತ್ತಾರೆ. ಸರ್ಕಾರವೇ ‘ಪತ್ರಾಗಾರ’ ಎಂಬ ಪದವನ್ನು ಇಲಾಖೆಯೊಂದರ ಹೆಸರಲ್ಲಿ ಬಳಸುತ್ತಿದೆ. ಅದನ್ನು ಇಡಿ.

ಧಾರವಾಡದಿಂದ:

ಪತ್ರಾಗಾರವೆಂದರೆ ಹಳೆಯ ಸರ್ಕಾರಿ ದಾಖಲೆ. ಹೊಂದದು. ನಮ್ಮ ಹಿರಿಯರು ‘ದಫ್ತರ’ ಎನ್ನುತ್ತಿದ್ದರು. ಕಚೇರಿ, ದಾಖಲೆ, ಜಮಾಖರ್ಚು ಎಲ್ಲ ಹೊರಗಿನಿಂದ ಬಂದು ಮನೆಯವರೇ ಆದವು. ‘ರೆಪಾಸಿಟರಿ’ ಬಂದರೆ ಮಾತ್ರ ಮೈಲಿಗೆಯೇ? ಡಿಜಿಟಲ್ ಅನ್ನು ಹಾಗೆಯೇ ಬಿಡಿ. ಬಸ್ಸಿಗೆ ಪದ ಹುಡುಕಿದವರು ಬಸ್ ತಪ್ಪಿಸಿಕೊಂಡರೇ ಹೊರತು ಪದ ನಿಲ್ಲಲಿಲ್ಲ.

ಅಚ್ಚಗನ್ನಡ ಬಳಗದವ:

ಪಾರಸಿ ಬಂದದ್ದು ಆಳುವವರ ಲೆಕ್ಕಪತ್ರದ ಜೊತೆ, ಇಂಗ್ಲಿಷ್ ಬಂದದ್ದೂ ಹಾಗೆಯೇ. ಬಂದದ್ದನ್ನೆಲ್ಲ ನೆಂಟರು ಎನ್ನುವುದು ಔದಾರ್ಯವಲ್ಲ, ಸೋಮಾರಿತನ.

ಧಾರವಾಡದಿಂದ:

ಈ ಗುಂಪಿಗೆ ನೀವು ಪತ್ರ ಕಳಿಸುತ್ತಿರುವ ಯಂತ್ರಕ್ಕೆ ಏನೆನ್ನುತ್ತೀರಿ? ಅದನ್ನು ಮೊದಲು ಹೇಳಿ.

(ಇದೇ ಧಾಟಿಯ ಹನ್ನೊಂದು ಪತ್ರಗಳನ್ನು ಬೇರೆ ಎಳೆಗೆ ವರ್ಗಾಯಿಸಿದ್ದೇನೆ. ದಯವಿಟ್ಟು ಫಲಕಕ್ಕೆ ಹಿಂದಿರುಗಿ. – ನಿರ್ವಾಹಕ)

ಗ್ರಂಥಪಾಲಕಿ, ಹಾವೇರಿ ಕಡೆಯಿಂದ:

ಎಲ್ಲರಿಗೂ ವಂದನೆಗಳು. ಫಲಕ ಬರೆಯುವವರು ಹನ್ನೊಂದಕ್ಕೇ ಬಂದುಬಿಟ್ಟರು. ಮೊದಲ ಬಾಗಿಲಿಗೆ ‘ಪ್ರಬಂಧ, ಲೇಖನ, ಓಲೆಗರಿ: ಮುಕ್ತ ಓದು’ ಎಂದು ಬರೆಸಿದ್ದೇನೆ. ಬೆಂಗಳೂರಿನವರ ಸಲಹೆ. ಎರಡನೆಯದಕ್ಕೆ ‘ಸ್ಕ್ಯಾನಿಂಗ್ ಕೋಣೆ’. ಕಡತದ ವಿಷಯ ನನಗೆ ಗೊತ್ತಿರಲಿಲ್ಲ. ಒಂದರ ಚಿತ್ರ ಸಿಕ್ಕರೆ ಒಳಗೆ ಗೋಡೆಗೆ ಹಾಕುತ್ತೇನೆ. ಯೂನಿಕೋಡಿಗೆ ಬದಲಿಸುವ ಕೆಲಸಕ್ಕೆ ಮಾತ್ರ ನನ್ನ ಬಳಿ ಒಬ್ಬರೂ ಸಿಬ್ಬಂದಿ ಇಲ್ಲ. ಅದನ್ನು ಮಾಡಿದ ಅನುಭವವಿದ್ದವರು ಇಲ್ಲಿದ್ದರೆ ಬರೆಯಿರಿ.

ಅಚ್ಚಗನ್ನಡ ಬಳಗದವ:

ಎರಡು ಫಲಕಗಳಲ್ಲಿ ‘ಓದು’, ‘ಓಲೆ’, ‘ಕೋಣೆ’ಯಾದರೂ ನಮ್ಮವು. ಅಷ್ಟಾದರೂ ಉಳಿಯಿತು.

ನಿವೃತ್ತ ಅಧ್ಯಾಪಕ, ಮೈಸೂರು:

‘ಕೋಣೆ’ಯ ನೆಂಟನಾದ, ಮೂಲೆ ಎಂಬರ್ಥದ ‘ಕೋಣ’ ಸಂಸ್ಕೃತದ್ದೋ ದ್ರಾವಿಡದ್ದೋ ಎಂಬುದು ಇನ್ನೂ ಇತ್ಯರ್ಥವಾಗದ ವ್ಯಾಜ್ಯ. ವಿವರವಾಗಿ ನಾಳೆ ಬರೆಯುತ್ತೇನೆ.