ನಾಲ್ಕು ವರ್ಷದ ಮಗಳಿಗೆ ದಿನಾ ಎರಡು ಹೊತ್ತು ಕಫ ತೆಗೆಯೋದು: ಕೈಯಲ್ಲೋ, ಮೆಷಿನ್ನಲ್ಲೋ? ಅನುಭವ ಇರೋರು ಹೇಳಿ

ಹಾಸನದ ಅಮ್ಮ
ನಮಸ್ಕಾರ. ಯುಗಾದಿ ಆದ ಮೇಲೆ ಮಗಳಿಗೆ ಸಿಸ್ಟಿಕ್ ಫೈಬ್ರೋಸಿಸ್ (ಸಿಎಫ್, ಶ್ವಾಸಕೋಶದಲ್ಲಿ ಕಫ ಗಟ್ಟಿಯಾಗಿ ಕಟ್ಟಿಕೊಳ್ಳೋ ಹುಟ್ಟುರೋಗ) ಅಂತ ಗೊತ್ತಾಯ್ತು, ಬೆವರು ಪರೀಕ್ಷೆಯಲ್ಲಿ ಕ್ಲೋರೈಡ್, ಅಂದ್ರೆ ಉಪ್ಪಿನಂಶ, 98, ತುಂಬಾ ಜಾಸ್ತಿ. ಉಸಿರುನಾಳ ಹಿಗ್ಗಿಸೋ ಅಸ್ತಾಲಿನ್, 3% ಸಲೈನ್ (ಉಪ್ಪುನೀರು) ನೆಬ್, ಅಂದ್ರೆ ಮೆಷಿನ್ನಲ್ಲಿ ಮಂಜು ಮಾಡಿ ಎಳೆಸೋದು, ಆಮೇಲೆ ಬೆನ್ನು ತಟ್ಟೋದು, ಬೆಳಿಗ್ಗೆ ಸಂಜೆ. ತಟ್ಟೋಕೆ ಕೈ ಎತ್ತಿದ್ರೆ ಕಿರುಚ್ತಾಳೆ, ಒಂದೊಂದು ದಿನ ವಾಂತಿ. ನಾವಿಬ್ಬರೂ ಕೆಲಸಕ್ಕೆ ಹೋಗೋರು, ಏಳೂವರೆಗೆ ಬಸ್ಸು. ವೆಸ್ಟ್ (ಗಾಳಿ ತುಂಬಿ ಎದೆ ಅಲ್ಲಾಡಿಸೋ ಜಾಕೆಟ್ ಮೆಷಿನ್) ಹಾಕಿದ್ರೆ ಸುಮ್ನೆ ಕೂತ್ಕೋತಾಳಾ? ಕೈಯೇ ಸಾಕಾ? ದುಡ್ಡು ಜಾಸ್ತಿ ಇಲ್ಲ.

ಬನಶಂಕರಿ ಅಪ್ಪ
ವೆಸ್ಟ್ ತಗೊಳ್ಳಿ. ನಾವು 2019ರಲ್ಲಿ ಅಮೆರಿಕದಿಂದ ತರಿಸಿದ್ವಿ. ಮೆಷಿನ್, ಜಾಕೆಟ್ ಸೇರಿ 5,40,000. ಕಸ್ಟಮ್ಸ್ ಕ್ಲಿಯರೆನ್ಸ್ ಏಜೆಂಟ್ ಪುಣ್ಯಾತ್ಮ ಅದನ್ನ ಮಸಾಜ್ ಯಂತ್ರ ಅಂತ ಬರೆದ, ಅದು ವೈದ್ಯಕೀಯ ಉಪಕರಣ ಅಂತ ಡಾಕ್ಟರ್ ಕೈಲಿ ಪತ್ರ ಬರೆಸಿ, ಅದು ಸಾಲದು ಅಂತ ಇನ್ನೊಂದು ಬರೆಸಿ, ಕೊನೆಗೆ ಮೇಲೆ 71,000 ಕಟ್ಟಿ ಬಿಡಿಸಿಕೊಂಡ್ವಿ. ಊರಿನ ಸೈಟು ಮಾರಿದ ದುಡ್ಡು ಅದು. ಮುಂದಿನ ವರ್ಷ ಗಾಳಿ ಪೈಪು ಸೀಳಿತು, ಜೋಡಿಗೆ 18,500. ವೋಲ್ಟೇಜ್ ಏರಿಳಿತಕ್ಕೆ ಬೋರ್ಡ್ ಸುಟ್ಟಿತು. ಎಂಜಿನಿಯರ್ ದೆಹಲಿಯಿಂದ ಬರಬೇಕು, ವಿಮಾನದ ಚಾರ್ಜು ನಮ್ಮದೇ. ಎಲ್ಲ ಸೇರಿ 43,000. ಆಮೇಲೆ ಬಂತು ಸ್ಟೆಬಿಲೈಸರ್, 6,200. (ಮೊದಲು ಅದನ್ನ ತಗೊಳ್ಳಿ ಅಂತ ಮಾರಿದೋರು ಯಾರೂ ಹೇಳಲಿಲ್ಲ.) ಮಗ ಬೆಳೆದ, ಜಾಕೆಟ್ ಬಿಗಿ ಆಯ್ತು, ಹೊಸದಕ್ಕೆ 62,000.

ಆದರೂ ಹೇಳ್ತೀನಿ, ಒಂದು ರೂಪಾಯಿ ವ್ಯರ್ಥ ಆಗಿಲ್ಲ. ನನ್ನ ಹೆಂಡತಿಗೆ ಡಿಸ್ಕ್ ಜಾರಿತ್ತು, ಬಗ್ಗಿ ತಟ್ಟೋಕೆ ಆಗ್ತಿರಲಿಲ್ಲ. ಈಗ ಹುಡುಗ ಬೆಳಿಗ್ಗೆ ಎದ್ದು ತಾನೇ ಜಾಕೆಟ್ ಹಾಕ್ಕೋತಾನೆ, ಅದರಲ್ಲೇ ನೆಬ್ ಮೌತ್‌ಪೀಸ್ ಬಾಯಿಗಿಟ್ಟು ಅರ್ಧ ಗಂಟೆ. ಮೆಷಿನ್ನಿನ ಸದ್ದಿಗೆ ಟಿವಿ ಕೇಳಿಸಲ್ಲ ಅನ್ನೋದೊಂದೇ ಜಗಳ.

ಹುಬ್ಬಳ್ಳಿ ಅವ್ವ
ಐದು ಲಕ್ಷ ಕೇಳಿ ತಲಿ ತಿರುಗಿತು ನೋಡ್ರಿ. ನಮ್ಮ ಹುಡುಗಗ ಈಗ ಹದಿನಾಲ್ಕು. ಇವತ್ತಿನ ತನಕ ಒಂದು ಮಷಿನ್ ಮುಟ್ಟಿಲ್ಲ, ಬರೇ ನನ್ನ ಎರಡು ಕೈ. ಮೊದಲ ಟಿಬಿ ಅಂತ ಹೇಳಿ ತಿಂಗಳಾನುಗಟ್ಟಲೆ ಗುಳಿಗಿ ನುಂಗಿಸಿದರು, ಮೂತ್ರ ಕೆಂಪಾಗಿದ್ದು ಬಿಟ್ಟರ ಬೇರೆ ಏನೂ ಆಗಲಿಲ್ಲ. ಆಮ್ಯಾಲೆ ವೆಲ್ಲೂರಿಗೆ ಹೋದ್ವಿ, ಅಲ್ಲೆ ಗೊತ್ತಾತು. ಅಲ್ಲಿ ಫಿಸಿಯೋ ಬಾಯಾರು ನನ್ನ ಅಂಗೈ ಹಿಡಿದು ಬೊಗಸಿ ಮಾಡಿ ಕಲಿಸಿದರು. ಟೊಳ್ಳು ಸಪ್ಪಳ ಬರಬೇಕು, ಚಟ್ ಅಂದರ ಬರೇ ಚರ್ಮಕ್ಕ ಬಡದಂಗ. ಬೆನ್ನಹುರಿ ಬಿಡಬೇಕು, ಪಕ್ಕೆಲಬಿನ ಕೆಳಗ ಹೋಗಬಾರದು. ಎಡ ಮಗ್ಗಲ, ಬಲ ಮಗ್ಗಲ, ಬೋರಲ, ಕುಂದರಿಸಿ. ಒಂದೊಂದಕ್ಕ ಮೂರು ನಾಲ್ಕು ನಿಮಿಷ, ನಡುವ ಕೆಮ್ಮಿಸೋದು.

ವಠಾರದಾಗ ಕೆಳಗಿನ ಮನಿಯವರು ಬೆಳಿಗ್ಗೆ ಆರಕ್ಕ ಏನು ಕುಟ್ಟತೀರಿ ಅಂತ ಬಾಗಲಾ ಬಡಿತಿದ್ದರು. ನಮ್ಮ ಅತ್ತಿ ಕಟ್ಟಿ ಮ್ಯಾಲೆ ಕುಂತು ಬಂದವರಿಗೆಲ್ಲಾ "ದಿನಾ ಕೂಸಿನ್ನ ಬಡೀತಾಳ" ಅಂತ ಹೇಳೋರು. ಸಾಲಿ ನೌಕರಿ ಬಿಟ್ಟೆ. ಎರಡೂ ಮಣಿಕಟ್ಟು ಹೋಗ್ಯಾವ. ಸ್ಪ್ಲಿಂಟ್ 1,150, ಇಂಜೆಕ್ಷನ್ ಒಂದಕ್ಕ 2,800, ಅದೂ ನಾಟಲಿಲ್ಲ. ಆದರ ಹುಡುಗನ ಎಫ್‌ಇವಿ 1 (ಜೋರಾಗಿ ಊದಿಸಿ ನೋಡೋ ಪುಪ್ಪುಸದ ಬಲ) ಈಗ ನೂರಕ್ಕ 82. ಸೈಟು ಮಾರಿದವರ ಮಕ್ಕಳದು ಎಷ್ಟೈತಿ ಹೇಳಲಿ.

ಬನಶಂಕರಿ ಅಪ್ಪ
ಅಕ್ಕಾ, ಮಕ್ಕಳ ನಂಬರ್ ಇಟ್ಟುಕೊಂಡು ಪಂದ್ಯ ಕಟ್ಟೋದು ಬೇಡ. ನಮ್ಮವನಿಗೆ ಎದೆಯಲ್ಲಿ ಸ್ಯೂಡೋಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಬಂದು ಕೂತಿದೆ, ಟೋಬ್ರಾಮೈಸಿನ್ ಆಂಟಿಬಯೋಟಿಕ್ ನೆಬ್‌ನಲ್ಲಿ ಒಂದು ತಿಂಗಳು ಎಳೆಯೋದು, ಒಂದು ತಿಂಗಳು ಬಿಡೋದು. ಅದರ ಬಿಲ್ ಇಲ್ಲಿ ಹಾಕಿದ್ರೆ ನಿಮಗೆ ಮತ್ತೆ ತಲೆ ತಿರುಗುತ್ತೆ.

ಉಪ್ಪಿನ ಹುಡುಗಿ
ಈ ಎಳೆಯಲ್ಲಿ ರೋಗ ಇರೋದು ನನಗೊಬ್ಬಳಿಗೇ ಅನ್ಸುತ್ತೆ, ಬಾಕಿ ಎಲ್ಲ ಅಪ್ಪ ಅಮ್ಮಂದಿರು. ವಯಸ್ಸು 26. ಹದಿಮೂರು ತುಂಬೋವರೆಗೂ ಅಮ್ಮ ತಟ್ಟಿದ್ಲು. ಋತುಮತಿ ಆದ ಮೇಲೂ ಅಪ್ಪ, ಚಿಕ್ಕಪ್ಪ ಯಾರು ಮನೇಲಿದ್ರೆ ಅವರು ತಟ್ಟೋರು. ಅದರ ಕಸಿವಿಸಿ ನಿಮಗ್ಯಾರಿಗೂ ತಲೆಗೇ ಬಂದಿಲ್ಲ. ಹಾಸ್ಟೆಲಿಗೆ ಬಂದ ಮೇಲೆ ಪೆಪ್ ಕಲಿತೆ, ಅಂದ್ರೆ ತಡೆ ಇರೋ ಸಾಧನಕ್ಕೆ ಉಸಿರು ಊದೋದು. ಊದುವಾಗ ಎದುರು ಒತ್ತಡ ಇರುತ್ತೆ, ಸಣ್ಣ ಕೊಳವೆಗಳು ಮುಚ್ಚಿಕೊಳ್ಳಲ್ಲ, ಗಾಳಿ ಕಫದ ಹಿಂದೆ ಹೋಗಿ ಅದನ್ನ ಮುಂದಕ್ಕೆ ತಳ್ಳುತ್ತೆ. ಆಮೇಲೆ ಹಫ್: ಬಾಯಿ ಅಗಲಿಸಿ, ಕನ್ನಡಿಗೆ ಹಬೆ ಊದೋ ತರ ಜೋರಾಗಿ ಹಾ ಅಂತ ಬಿಡೋದು. ಕೆಮ್ಮಿ ಕೆಮ್ಮಿ ಸಾಯೋದಕ್ಕಿಂತ ಇದರಲ್ಲಿ ಜಾಸ್ತಿ ಬರುತ್ತೆ.

ಮೊದಲು ಆನ್‌ಲೈನಲ್ಲಿ 650ರ ನಕಲಿ ಫ್ಲಟರ್ (ಊದಿದ್ರೆ ಒಳಗೆ ಗುಂಡು ಕುಣಿಯೋ ಪೆಪ್ ಸಾಧನ) ತಗೊಂಡಿದ್ದೆ. ಒಳಗಿನ ಗುಂಡು ತುಕ್ಕು ಹಿಡೀತು, ವಾಪಸ್ ತಗೊಳ್ಳಲಿಲ್ಲ. ಈಗಿರೋದು ಅಕಪೆಲ್ಲ, ಅದೇ ತರ ಊದೋ ಸಾಧನ, 7,400 ಕೊಟ್ಟೆ. ರೂಮ್‌ಮೇಟ್ ಒಂದಿನ ಅದನ್ನ ಪೀಪಿ ಅಂದುಕೊಂಡು ಊದಿಬಿಟ್ಲು, ಅವತ್ತು ಇಡೀ ಕುದಿಸಿದೆ.

ವೆಸ್ಟ್ ಭಕ್ತರು ಇದನ್ನೂ ಓದಿ: ಕೆನಡಾದಲ್ಲಿ ವೆಸ್ಟನ್ನೂ ಪೆಪ್ ಮಾಸ್ಕನ್ನೂ ಒಂದು ವರ್ಷ ಹೋಲಿಸಿ ನೋಡಿದ್ರು, 2013ರಲ್ಲಿ ಪ್ರಕಟ ಆಯ್ತು. ಎದೆ ಸೋಂಕು ಉಲ್ಬಣ ಆಗಿದ್ದು ವೆಸ್ಟ್ ಗುಂಪಲ್ಲೇ ಹೆಚ್ಚು. ಜಾಕೆಟ್ ಅಲ್ಲಾಡಿಸುತ್ತೆ ಅಷ್ಟೆ, ನಡುನಡುವೆ ನಿಲ್ಲಿಸಿ ಹಫ್ ಮಾಡದಿದ್ರೆ ಕಫ ಇದ್ದಲ್ಲೇ ಇರುತ್ತೆ. ಟಿವಿ ಮುಂದೆ ಅರ್ಧ ಗಂಟೆ ಸುಮ್ನೆ ಕೂರಿಸಿದ್ರೆ ಚಿಕಿತ್ಸೆ ಅಲ್ಲ ಸಾರ್ ಅದು.

ಬನಶಂಕರಿ ಅಪ್ಪ
ಆ ಅಧ್ಯಯನದಲ್ಲಿ ಇದ್ದೋರು ಆರು ವರ್ಷ ದಾಟಿದೋರು. ಕೇಳಿರೋದು ನಾಲ್ಕರ ಮಗು ಬಗ್ಗೆ. ಅದೇನು ಪೆಪ್ ಮಾಸ್ಕ್ ಹಿಡಿದು ಲೆಕ್ಕ ಹಾಕಿ ಉಸಿರು ಬಿಡುತ್ತಾ? ನಾನು ಟಿವಿ ಮುಂದೆ ಕೂರಿಸಿ ಎದ್ದು ಹೋಗ್ತೀನಿ ಅಂತ ನಿಮಗೆ ಹೇಳಿದೋರು ಯಾರು?

ಉಪ್ಪಿನ ಹುಡುಗಿ
ನೀವೇ ಬರೆದಿದ್ದೀರಲ್ಲ. ಮೇಲೆ ಹೋಗಿ ಓದಿ.

ಪುತ್ತೂರು ಅಪ್ಪ
ನೀವು ಜಗಳ ಮಾಡಿ ಮಾರಾಯ್ರೆ, ನಮಗೆ ಇಲ್ಲಿ ಮೊದಲು ಕರೆಂಟೇ ಇಲ್ಲ. ಆಟಿ ತಿಂಗಳಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಹೋಯ್ತು ಅಂತಲೇ. ಇನ್‌ವರ್ಟರ್, ಬ್ಯಾಟರಿ 23,000. ಕಂಪ್ರೆಸರ್ ನೆಬ್ ಅದರಲ್ಲಿ ಓಡ್ತದೆ. ಡಾರ್ನೇಸ್, ಕಫ ತೆಳು ಮಾಡುವ ನೆಬ್ ಔಷಧಿ, ಫ್ರಿಜ್ಜಿನಲ್ಲೇ ಇರಬೇಕು, 2ರಿಂದ 8 ಡಿಗ್ರಿ. ಕರೆಂಟ್ ಹೋದ ಕೂಡಲೇ ಥರ್ಮೋಕೋಲ್ ಪೆಟ್ಟಿಗೆ, ಐಸ್, ಅಕ್ಕಪಕ್ಕದ ಮನೆಯ ಫ್ರಿಜ್ಜು ಅಂತ ಓಡುದು. ಒಮ್ಮೆ ಒಂದು ಪ್ಯಾಕೇ ಹಾಳಾಯ್ತು. ಅದರ ರೇಟು ಹೇಳಿದರೆ ಅಡಿಕೆ ಬೆಳೆಗಾರರಿಗೂ ಎದೆ ನಡುಗ್ತದೆ.

ನಮ್ಮ ಮಗನಿಗೆ ಸಣ್ಣದಿರುವಾಗ ಬಾಟಲಿ ಗುಳ್ಳೆ ಮಾಡಿಸಿದ್ದು. ಬಾಟಲಿಯಲ್ಲಿ ಹತ್ತು ಸೆಂಟಿಮೀಟರ್ ನೀರು, ಅಡಿವರೆಗೆ ಮುಟ್ಟುವ ದಪ್ಪ ಟ್ಯೂಬು, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು. ಊದಿದರೆ ನೊರೆ ಉಕ್ಕಿ ಮೇಜಿನ ಮೇಲೆಲ್ಲ ಬರ್ತದೆ, ಮಕ್ಕಳಿಗೆ ಅದೇ ಗಮ್ಮತ್ತು. ಇದೂ ಪೆಪ್ ಅಂತ ಫಿಸಿಯೋದವರೇ ಹೇಳಿಕೊಟ್ಟದ್ದು. ಖರ್ಚು 40 ರೂಪಾಯಿ, ಟ್ಯೂಬಿಗೆ. ಬಾಯಿಂದ ಹೀರಬಾರದು, ಊದುದು ಮಾತ್ರ. ನೀರು ಪ್ರತೀ ಸಲ ಚೆಲ್ಲಿ ಬಾಟಲಿ ಒಣಗಿಸಬೇಕು, ಇಲ್ಲದಿದ್ದರೆ ಅದರಲ್ಲೇ ಕ್ರಿಮಿ ಸಂಸಾರ ಹೂಡ್ತದೆ. ನೆಬ್ ಕಪ್ಪನ್ನು ನಾವು ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಡುದು.

ಹುಬ್ಬಳ್ಳಿ ಅವ್ವ
ಇಡ್ಲಿ ಪಾತ್ರಿ? ಪ್ಲಾಸ್ಟಿಕ್ ಕರಗಿ ಹುಡುಗನ ಪುಪ್ಪುಸಕ್ಕ ಹೋಗಂಗಿಲ್ಲೇನ್ರಿ? ನಾವು ಆರ್‌ಓ ನೀರಾಗ ತೊಳೀತೀವಿ, ಸಾಕು.

ಪುತ್ತೂರು ಅಪ್ಪ
ಆರ್‌ಓ ನೀರಿನಲ್ಲಿ ತೊಳೆದರೆ ಕ್ರಿಮಿ ಸಾಯ್ತದೆ ಅಂತ ಯಾರು ಹೇಳಿದ್ದು ಅಕ್ಕ? ಸೋಪು ಹಾಕಿ ತೊಳೆದು ಐದು ನಿಮಿಷ ಕುದಿಸಬೇಕು, ಇಲ್ಲ ಹಬೆ, ಮತ್ತೆ ಪೂರ್ತಿ ಒಣಗಬೇಕು. ಸ್ಯೂಡೋಮೊನಾಸ್‌ಗೆ ಪಸೆ ಇದ್ದರೆ ಸಾಕು. ನಿಮ್ಮ ಕಪ್ಪು ಕುದಿಸಬಹುದಾ ಅಂತ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಉಂಟು. ನಮ್ಮದು ವರ್ಷದಿಂದ ಇಡ್ಲಿ ಪಾತ್ರೆಗೆ ಹೋಗಿ ಬರ್ತಾ ಉಂಟು, ಕರಗಿದ್ದು ನನ್ನ ದುಡ್ಡು ಮಾತ್ರ.

ಹುಬ್ಬಳ್ಳಿ ಅವ್ವ
82 ಬಂದೈತಿ ನಮ್ಮ ಹುಡುಗಗ. ನಿಮಗ ಎಷ್ಟು ಬಂದೈತಿ?

ನ್ಯೂಜೆರ್ಸಿ ಕನ್ನಡಿಗ
ಇದನ್ನೆಲ್ಲ ಓದಿ ಬೇಜಾರಾಯ್ತು. ಇಲ್ಲಿ ಹುಟ್ಟಿದ ಮಗುವಿಗೆ ಹಿಮ್ಮಡಿ ಚುಚ್ಚಿ ತೆಗೆದ ರಕ್ತದಲ್ಲೇ ಸಿಎಫ್ ಗುಮಾನಿ ಸಿಗುತ್ತೆ, ನಮ್ಮ ಮಗಳದ್ದೂ ಹಾಗೇ. ವೆಸ್ಟ್ ಇನ್ಶೂರೆನ್ಸ್‌ನಲ್ಲೇ ಬಂತು. ಒಂದು ಸಲ ತಿರಸ್ಕರಿಸಿದ್ರು, ಅಪೀಲ್ ಹಾಕಿದ್ವಿ. ನಮ್ಮ ಪಾಲು 1,900 ಡಾಲರ್ ಆಯ್ತು, ಅದನ್ನ ಕಂತಲ್ಲಿ ಕಟ್ಟಿದ್ವಿ, ಇಲ್ಲಿ ಎಲ್ಲ ಪುಕ್ಕಟೆ ಅಂದುಕೋಬೇಡಿ. ಟ್ರೈಕಾಫ್ಟ, ರೋಗದ ಮೂಲ ದೋಷಕ್ಕೇ ಕೆಲಸ ಮಾಡೋ ಮಾತ್ರೆ, 2019ರ ಅಕ್ಟೋಬರ್‌ನಲ್ಲಿ ದೊಡ್ಡ ಮಕ್ಕಳಿಗೆ ಒಪ್ಪಿಗೆ ಆಯ್ತು, ನಮ್ಮವಳ ವಯಸ್ಸಿಗೆ ಬರೋ ತನಕ ಕಾದ್ವಿ. ಶುರು ಮಾಡಿದ ವಾರದಲ್ಲೇ ಕಫ ನೀರಾಗಿ ಬರೋಕೆ ಶುರು. ಈಗ ಡಾಕ್ಟರ್ ಹೇಳಿ 7% ಸಲೈನ್ ನಿಲ್ಲಿಸಿದೀವಿ. ಆ ಮಾತ್ರೆ ತಗೊಳ್ಳೋ, ಶ್ವಾಸಕೋಶ ಚೆನ್ನಾಗಿರೋ ಹನ್ನೆರಡು ದಾಟಿದೋರಲ್ಲಿ ಸಲೈನ್ ಅಥವಾ ಡಾರ್ನೇಸ್ ಆರು ವಾರ ಬಿಟ್ಟು ನೋಡಿದ್ರೆ ಹೇಳಿಕೊಳ್ಳೋ ವ್ಯತ್ಯಾಸ ಬರಲಿಲ್ಲ ಅಂತ ಇಲ್ಲಿ ಪರೀಕ್ಷೆಯೇ ಮಾಡಿದ್ರು. ಇನ್ನೂ ಕೈಯಲ್ಲಿ ತಟ್ಟುತ್ತಾ ಕೂತಿರೋದು ಯಾಕೆ? ಆ ಔಷಧಿಗೆ ಹೋರಾಡಿ.

ಹುಬ್ಬಳ್ಳಿ ಅವ್ವ
ಯಾಕಂದರ ನಮ್ಮ ಹತ್ರ ಕೈ ಅದಾವ, ಆ ಮಾತ್ರಿಗೆ ಕೊಡಾಕ ಮೂರು ಲಕ್ಷ ಡಾಲರ್ ಇಲ್ಲ ತಮ್ಮಾ.

ಬನಶಂಕರಿ ಅಪ್ಪ
ಹೋರಾಡಿ ಅನ್ನೋದು ಸುಲಭ. ಕೇಂದ್ರ ಸರ್ಕಾರದ 2021ರ ಅಪರೂಪ ರೋಗಗಳ ನೀತಿಯಲ್ಲಿ ಸಿಎಫ್ ಹೆಸರು ಇದೆ, ಮೂರನೇ ಗುಂಪಲ್ಲಿ. ಒಬ್ಬ ರೋಗಿಗೆ 50 ಲಕ್ಷದ ತನಕ ನೆರವು ಅಂತಾರೆ, ನಿಗದಿ ಮಾಡಿದ ಕೇಂದ್ರದ ಮೂಲಕ ಅರ್ಜಿ ಹೋಗಬೇಕು. ನನ್ನ ಫೈಲ್ ಯಾವ ಮೇಜಿನ ಮೇಲಿದೆ ಅಂತ ದೇವರಿಗೇ ಗೊತ್ತು. ಈ ವಿಷಯದಲ್ಲಿ ಅಕ್ಕನ ಪರ ನಾನು. ಇನ್ನೊಂದು, ಅವರು ಬಿಟ್ಟು ನೋಡಿದ್ದು ಔಷಧಿಯ ನೆಬ್, ಕಫ ತೆಗೆಯೋದನ್ನಲ್ಲ. ಅದೂ ಆ ಮಾತ್ರೆ ನುಂಗೋರಲ್ಲಿ. ಅದನ್ನ ಓದಿ ಇಲ್ಲಿ ಯಾರಾದ್ರೂ ಸಲೈನ್ ನಿಲ್ಲಿಸಿದ್ರೆ ಹೊಣೆ ಯಾರು?

ಗಂಗಾವತಿ
ಯಾರೂ ಬಾಯಿ ಬಿಡದ ಮಾತು ಹೇಳ್ತೀನಿ. ಸೋದರಮಾವ, ಅತ್ತೆ ಮಗ ಅಂತ ಮದುವೆ ಮಾಡ್ತೀರಿ, ಆಮೇಲೆ ಮಷಿನ್ ಹುಡುಕ್ತೀರಿ.

ಹಾಸನದ ಅಮ್ಮ
ನಮ್ಮದು ಪ್ರೀತಿಸಿ ಆದ ಮದುವೆ. ಜಾತಿ ಬೇರೆ, ಜಿಲ್ಲೆ ಬೇರೆ, ಹತ್ತು ತಲೆಮಾರಲ್ಲಿ ಸಂಬಂಧ ಇಲ್ಲ. ಇಬ್ಬರಲ್ಲೂ ಒಂದೊಂದು ಕೆಟ್ಟ ಜೀನ್ ಇತ್ತು. ನಾನು ಇದನ್ನ ಕೇಳಲಿಲ್ಲ.

ಪುತ್ತೂರು ಅಪ್ಪ
ಗಂಗಾವತಿಯವರೇ, ಹತ್ತಿರದ ಸಂಬಂಧದಲ್ಲಿ ಸಾಧ್ಯತೆ ಹೆಚ್ಚು ಅಂತ ಹೇಳಬಹುದು. ಆದರೆ ಯುರೋಪಿನವರಲ್ಲಿ ಈ ರೋಗ ನಮಗಿಂತ ಎಷ್ಟೋ ಹೆಚ್ಚು, ಅಲ್ಲಿ ಯಾವ ಸೋದರಮಾವ? ನಿಮ್ಮ ಮನೆಯಲ್ಲಿ ಇದು ಇಲ್ಲದಿದ್ದರೆ ಇಲ್ಲಿ ಎಂತಕ್ಕೆ ಬಂದದ್ದು?

ನಿರ್ವಾಹಕರು
ಮದುವೆ ವಿಚಾರ ಇಲ್ಲಿಗೆ ನಿಲ್ಲಿಸಿ. ಗಂಗಾವತಿಯವರ ಮುಂದಿನ ಎರಡು ಉತ್ತರ ಅಳಿಸಿದ್ದೇನೆ.

ತುಮಕೂರು ಚಿಕ್ಕಮ್ಮ
ಇಷ್ಟು ಜನ ಇದ್ದೀವಿ, ಒಂದು ಭಾನುವಾರ ಲಾಲ್‌ಬಾಗಲ್ಲಿ ಎಲ್ಲ ಮಕ್ಕಳನ್ನೂ ಸೇರಿಸೋಣ್ವಾ? ಊಟ ನಾನು ತರ್ತೀನಿ. ಒಬ್ಬರನ್ನ ನೋಡಿ ಒಬ್ಬರು ಊದೋದು ಕಲೀತಾರೆ.

ಉಪ್ಪಿನ ಹುಡುಗಿ
ಬೇಡ!! ದಯವಿಟ್ಟು ಬೇಡ. ಸಿಎಫ್ ಇರೋ ಇಬ್ಬರು ಹತ್ತಿರ ಬರಬಾರದು, ಆರಡಿ ದೂರ ಅಂತಾರೆ. ಸ್ಯೂಡೋಮೊನಾಸ್, ಸೆಪೇಸಿಯಾ ತರದ ಬ್ಯಾಕ್ಟೀರಿಯಾ ಒಬ್ಬರಿಂದ ಒಬ್ಬರಿಗೆ ದಾಟುತ್ತೆ. ನಿಮಗೆ ಏನೂ ಆಗಲ್ಲ, ನಮಗೆ ಆಗುತ್ತೆ. ಇಷ್ಟು ವರ್ಷದಲ್ಲಿ ನನ್ನ ತರದವರನ್ನ ಒಬ್ಬರನ್ನೂ ಎದುರು ಕೂತು ಮಾತಾಡಿಸಿಲ್ಲ ನಾನು.

ತುಮಕೂರು ಚಿಕ್ಕಮ್ಮ
ಅಯ್ಯೋ, ಒಳ್ಳೇದಕ್ಕೆ ಹೇಳಿದ್ದಮ್ಮ. ಹಾಗಾದ್ರೆ ದೊಡ್ಡೋರು ಮಾತ್ರ ಸೇರೋಣ.

ಬನಶಂಕರಿ ಅಪ್ಪ
ದೊಡ್ಡೋರು ಸೇರಿದ್ರೆ ಸೆಪೇಸಿಯಾಗಿಂತ ಜೋರು ಜಗಳ ಹರಡುತ್ತೆ.

ಹಾಸನದ ಅಮ್ಮ
ಎಲ್ಲರಿಗೂ ಥ್ಯಾಂಕ್ಸ್. ವಾಂತಿ ಬಗ್ಗೆ ಯಾರೂ ಹೇಳಲಿಲ್ಲ.

ಉಪ್ಪಿನ ಹುಡುಗಿ
ಹಾಲು ಕುಡಿಸಿ ತಟ್ತಿದ್ದೀರಾ? ಖಾಲಿ ಹೊಟ್ಟೇಲಿ ಮಾಡಿ, ಇಲ್ಲ ಉಂಡು ಎರಡು ಗಂಟೆ ಬಿಡಿ. ತಲೆ ಕೆಳಗೆ ಮಾಡಿ ಮಲಗಿಸ್ತಿದ್ರೆ ಫಿಸಿಯೋನ ಕೇಳಿ ಬಿಟ್ಟುಬಿಡಿ. ಹೊಟ್ಟೆಯದ್ದು ಮೇಲೆ ಬರುತ್ತೆ ಅಂತ ಚಿಕ್ಕ ಮಕ್ಕಳಿಗೆ ಆ ಭಂಗಿ ಈಗ ಬೇಡ ಅಂತಾರೆ, ಸಮತಟ್ಟಾಗಿ ಮಲಗಿಸಿದ್ರೆ ಸಾಕು. ಕಫದಲ್ಲಿ ರಕ್ತ ಕಂಡ್ರೆ ತಟ್ಟೋದು ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ.

ಹುಬ್ಬಳ್ಳಿ ಅವ್ವ
ನಾವು ದಿಂಬು ಇಟ್ಟು ತಲಿ ಕೆಳಗ ಮಾಡೇ ಮಾಡೀವಿ, ಏನೂ ಆಗಿಲ್ಲ.

ಉಪ್ಪಿನ ಹುಡುಗಿ
ಗೊತ್ತು ಆಂಟಿ. 82.

ಬನಶಂಕರಿ ಅಪ್ಪ
ಹಾಸನದೋರಿಗೆ: ನಮ್ಮವನ ಹಳೇ ಜಾಕೆಟ್ ಇದೆ, ಚಿಕ್ಕ ಸೈಜು, ಎದೆ ಸುತ್ತಳತೆ 22 ಇಂಚಿನ ತನಕ ಆಗುತ್ತೆ. ಒಗೆದು ಇಟ್ಟಿದೀನಿ. 15,000ಕ್ಕೆ ಕೊಡ್ತೀನಿ.

ಹುಬ್ಬಳ್ಳಿ ಅವ್ವ
ಈಗ ಬಂತು ನೋಡ್ರಿ ವ್ಯಾಪಾರ.

ಹಾಸನದ ಅಮ್ಮ
ಅದು ಯಾವ ಮೆಷಿನ್ನಿಗಾದ್ರೂ ಹೊಂದುತ್ತಾ ಸಾರ್?

ಬನಶಂಕರಿ ಅಪ್ಪ
ಇಲ್ಲ. ಅದೇ ಕಂಪನಿದು ಬೇಕು.

ಪುತ್ತೂರು ಅಪ್ಪ
ಮೆಷಿನ್ ಇಲ್ಲದೆ ಜಾಕೆಟ್ ತಗೊಂಡು ಎಂತ ಮಾಡುದು ಮಾರಾಯ್ರೆ, ಚಳಿಗೆ ಹಾಕ್ಲಿಕ್ಕಾ? ಅಮ್ಮಾ, ನೀವು ಮೊದಲು 40 ರೂಪಾಯಿಯ ಟ್ಯೂಬು ತನ್ನಿ, ಉದ್ದ ಎಷ್ಟು ಬೇಕು ಅಂತ ನಿಮ್ಮ ಫಿಸಿಯೋ ಹತ್ತಿರ ಕೇಳಿ.