ಮೊಲದ ಲಸಿಕೆಯೂ ಒದ್ದೆ ಹುಲ್ಲಿನ ಹಳೇ ಕೇಸೂ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಹೆಸರು ‘ನಮ್ಮನೆ ಮಂದಿ’. 31 ಜನ ಇದ್ದೇವೆ. ಮಾತಾಡುವವರು ಆರೇಳು ಜನ. ಉಳಿದವರು ಹುಟ್ಟುಹಬ್ಬದ ದಿನ ಮಾತ್ರ ಬದುಕಿದ್ದೇವೆ ಅಂತ ತೋರಿಸಿಕೊಳ್ಳುತ್ತಾರೆ.

ಇಡೀ ಗುಂಪಿನಲ್ಲಿ ಮೊಲ ಸಾಕಿರುವವಳು ಒಬ್ಬಳೇ, ಚಿಕ್ಕಪ್ಪನ ಮಗಳು ಅನು. ಎರಡು ಮೊಲ, ಮಸಿ ಮತ್ತು ಬೂದಿ. ಶುಕ್ರವಾರ ಅವಳು ಮಸಿಯ ಫೋಟೋ ಹಾಕಿ ‘ಮುಂದಿನ ವಾರ ಲಸಿಕೆ, ಈಗಲೇ ಮುಖ ಊದಿಸಿಕೊಂಡು ಕೂತಿದ್ದಾನೆ’ ಎಂದು ಬರೆದಿದ್ದಳು. ಭಾನುವಾರ ಬೆಳಿಗ್ಗೆ ವಿಮಲತ್ತೆ ಒಂದು ಚಿತ್ರ ಕಳಿಸಿದರು. ಮೇಲೆ ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಅನ್ನುವ ಎರಡು ಬಾಣ. ಒಳಗೆ ಕೆಂಪು ಅಕ್ಷರ:

‘ಮೊಲ ಸಾಕಿದವರೇ ಎಚ್ಚರ! ಮನೆಯೊಳಗೇ ಇರುವ ಮೊಲಕ್ಕೆ ಲಸಿಕೆ ಬೇಕಿಲ್ಲ. ಹಾಕಿಸಲೇಬೇಕು ಅಂದರೆ ಜೀವನದಲ್ಲಿ ಒಂದೇ ಸಲ ಸಾಕು. ವರ್ಷ ವರ್ಷ ಹಾಕಿಸುವುದು ದುಡ್ಡು ಮಾಡುವ ದಂಧೆ. ಹತ್ತು ಜನಕ್ಕೆ ತಿಳಿಸಿ.’

ವಿಮಲತ್ತೆ: ಅನು, ನೋಡಮ್ಮ. ನಾನು ಹೇಳಿದ್ದಲ್ಲ. ಬಂತು, ಹಾಕಿದೆ ಅಷ್ಟೇ.

ರಘು: ಮೂಲ ಯಾವುದು?

ರಘು ದೊಡ್ಡಪ್ಪನ ಮಗ. ಗುಂಪು ಶುರುವಾದಾಗಿನಿಂದ ಅವನು ಬೇರೇನೂ ಕೇಳಿದ್ದು ನನಗೆ ನೆನಪಿಲ್ಲ. ವಿಮಲತ್ತೆಯ ಮಗ ಪಚ್ಚು ಅವನ ಮುಖಕ್ಕೆ ‘ಮೂಲ ಯಾವುದು’ ಅಂತ ಬರೆದು ಸ್ಟಿಕ್ಕರ್ ಮಾಡಿಟ್ಟಿದ್ದಾನೆ. ಈಗಲೂ ಅದನ್ನೇ ಹಾಕಿದ. ನಾಲ್ಕು ಜನ ನಕ್ಕರು. ಚಿತ್ರವನ್ನು ಪೂರ್ತಿ ಓದಿದವರು ಎಷ್ಟು ಜನವೋ ಗೊತ್ತಿಲ್ಲ.

ಚಿಕ್ಕಪ್ಪ: ಅಕ್ಕ, ಇದು ತಪ್ಪು. ಒಂದು ಸಲ ಅಲ್ಲ, ಆರು ತಿಂಗಳಿಗೊಮ್ಮೆ ಹಾಕಿಸಬೇಕು. ನನ್ನ ಹತ್ತಿರ ಲಿಂಕ್ ಇದೆ.

ವಿಮಲತ್ತೆ: ನಿನ್ನ ಹತ್ತಿರ ನನ್ನ ಪಂಜರವೂ ಇದೆ ಶ್ರೀನಿ. ಅದಕ್ಕೂ ಒಂದು ಲಿಂಕ್ ಹಾಕು.

ಈ ಪಂಜರದ ಕಥೆ ಉದ್ದ. ಅನು ಮೊದಲ ಮೊಲ ತಂದಾಗ ಎರಡು ವಾರಕ್ಕೆ ಅಂತ ವಿಮಲತ್ತೆಯ ಮನೆಯಿಂದ ಒಯ್ದದ್ದು. ಈಗ ಅದರಲ್ಲಿ ಚಿಕ್ಕಪ್ಪ ಹಳೇ ಪೇಪರ್ ಇಟ್ಟುಕೊಂಡಿದ್ದಾರೆ.

ಅಷ್ಟರಲ್ಲಿ ದೊಡ್ಡಪ್ಪನ ವಾಯ್ಸ್ ಮೆಸೇಜ್ ಬಂತು. 2 ನಿಮಿಷ 40 ಸೆಕೆಂಡ್. ಹಿಂದೆ ಫ್ಯಾನಿನ ಸದ್ದು. ಸಾರಾಂಶ ಇಷ್ಟು: ಕಾಡಿನಲ್ಲಿರುವ ಮೊಲಕ್ಕೆ ಯಾರು ಇಂಜೆಕ್ಷನ್ ಕೊಡುತ್ತಾರೆ? ಮೂಕ ಪ್ರಾಣಿಯನ್ನು ಕೂಡಿಹಾಕುವುದೇ ತಪ್ಪು, ಅದರ ಮೇಲೆ ಸೂಜಿ ಬೇರೆ. ಅಲ್ಲದೆ ಇದು ನಾಯಿಗೆ ಹಾಕಿಸುವ ಲಸಿಕೆಯೇ ಅಲ್ವಾ? ಮೊಲ ಯಾರನ್ನು ಕಚ್ಚುತ್ತದೆ?

ಕಾಡಿನ ಮಾತಿಗೆ ಅನು ಸುಮ್ನೆ ಇರಲಿಲ್ಲ.

ಅನು: ದೊಡ್ಡಪ್ಪ, ಕಾಡಿನ ಮೊಲಗಳಿಗೆ ಯಾರೂ ಕೊಡುವುದಿಲ್ಲ, ಅವು ಸಾಯುತ್ತವೆ. ಮಿಕ್ಸೊಮಟೋಸಿಸ್ ಅಂತ ಒಂದು ರೋಗ. ಆಸ್ಟ್ರೇಲಿಯಾದಲ್ಲಿ ಕಾಡುಮೊಲ ಜಾಸ್ತಿಯಾಯಿತು ಅಂತ 1950ರಲ್ಲಿ ಆ ವೈರಸ್ಸನ್ನು ಬೇಕಂತಲೇ ಬಿಟ್ಟರು. ಯೂರೋಪಿನಲ್ಲಿ 1952ರಲ್ಲಿ ಫ್ರಾನ್ಸಿನ ಒಬ್ಬ ಡಾಕ್ಟರು ತನ್ನ ಜಮೀನಿನ ಮೊಲ ಕಡಿಮೆ ಮಾಡಲು ಬಿಟ್ಟ. ಮರುವರ್ಷ ಬ್ರಿಟನ್ನಿಗೂ ಬಂತು. ಕಣ್ಣು, ತುಟಿ ಊದಿಕೊಂಡು, ಕಣ್ಣು ಮುಚ್ಚಿಹೋಗಿ ಸಾಯುತ್ತವೆ. ಸೊಳ್ಳೆ, ಚಿಗಟ ಹರಡುತ್ತವೆ. ಸೊಳ್ಳೆಗೆ ಮನೆಯೊಳಗೆ, ಹೊರಗೆ ಅಂತ ಇಲ್ಲ. ನಾಯಿಯ ರೇಬೀಸ್ ಲಸಿಕೆ ಬೇರೆ, ಇದು ಬೇರೆ.

ದೊಡ್ಡಪ್ಪ: ಇಷ್ಟು ಓದಿದವರು ಮದುವೆ ವಿಷಯವನ್ನೂ ಸ್ವಲ್ಪ ಓದಬಹುದು.

ಯಾರೂ ಉತ್ತರ ಕೊಡಲಿಲ್ಲ. ಚಿಕ್ಕಮ್ಮ ಮಾತ್ರ ಕೈಮುಗಿಯುವ ಇಮೋಜಿ ಹಾಕಿದರು. ಅದು ಯಾರಿಗೆ ಅಂತ ಇವತ್ತಿಗೂ ಗೊತ್ತಾಗಿಲ್ಲ.

ಈ ಹೊತ್ತಿಗೆ ರಘು ಚಿಕ್ಕಪ್ಪನ ಲಿಂಕ್ ತೆರೆದು ಓದಿದ್ದ. ಅದನ್ನು ತೆರೆದವನು ಅವನೊಬ್ಬನೇ ಇರಬೇಕು. ಕಳಿಸಿದ ಚಿಕ್ಕಪ್ಪನೂ ತೆರೆದಿರಲಿಲ್ಲ ಅಂತ ನನ್ನ ಅನುಮಾನ.

ರಘು: ಚಿಕ್ಕಪ್ಪ, ನೀವು ಕಳಿಸಿದ್ದು ಆಸ್ಟ್ರೇಲಿಯಾದ ಹಳೇ ಪುಟ. ಎರಡನೇ ರೋಗ ಇದೆಯಲ್ಲ, ಆರ್‌ಎಚ್‌ಡಿ, ಒಳಗೇ ರಕ್ತಸ್ರಾವ ಆಗುವುದು, ಅದರಲ್ಲಿ ಎರಡು ತಳಿ. ಮೊದಲನೆಯದು 1984ರಲ್ಲಿ ಚೀನಾದಲ್ಲಿ ಕಂಡಿತು. ಎರಡನೆಯದು 2010ರಲ್ಲಿ ಫ್ರಾನ್ಸಿನಲ್ಲಿ. ಆಸ್ಟ್ರೇಲಿಯಾದಲ್ಲಿ ತುಂಬ ವರ್ಷ ಸಿಗುತ್ತಿದ್ದದ್ದು ಮೊದಲನೇ ತಳಿಗೆ ಮಾಡಿದ ಲಸಿಕೆ ಮಾತ್ರ. ಹೊಸ ತಳಿಗೆ ಅದರಿಂದ ಅರೆಬರೆ ರಕ್ಷಣೆ. ಬೇರೆ ದಾರಿ ಇಲ್ಲದೆ ಅಲ್ಲಿನ ಪಶುವೈದ್ಯರು ಆರು ತಿಂಗಳಿಗೊಮ್ಮೆ ಕೊಡಿ ಎಂದರು. ಮಿಕ್ಸೊಮಟೋಸಿಸ್ ಲಸಿಕೆಗಂತೂ ಅಲ್ಲಿ ಅನುಮತಿಯೇ ಇಲ್ಲ. ಬ್ರಿಟನ್ನಿನಲ್ಲಿ 2020ರಿಂದ ಎರಡೂ ರೋಗಕ್ಕೆ, ಎರಡೂ ತಳಿಗೆ ಸೇರಿ ಒಂದೇ ಲಸಿಕೆ ಇದೆ. ಐದು ವಾರದ ಮರಿಯಿಂದ ಹಾಕಬಹುದು, ವರ್ಷಕ್ಕೊಂದು. ಅಮೆರಿಕದಲ್ಲಿ 2021ರಲ್ಲಿ ಆರ್‌ಎಚ್‌ಡಿಯ ಹೊಸ ತಳಿಗೆ ಒಂದು ಲಸಿಕೆಗೆ ತುರ್ತು ಅನುಮತಿ ಕೊಟ್ಟರು. ಅದು 21 ದಿನದ ಅಂತರದಲ್ಲಿ ಎರಡು, ಆಮೇಲೆ ವರ್ಷಕ್ಕೊಂದು.

ಚಿಕ್ಕಪ್ಪ: ಆರು ತಿಂಗಳು ಅಂತ ರಘುವೇ ಒಪ್ಪಿಕೊಂಡ. ಅಕ್ಕ, ನೋಡಿದೆಯಾ?

ವಿಮಲತ್ತೆ: ವರ್ಷ ಅಂತಲೂ ಬರೆದಿದ್ದಾನೆ, ಅದು ನಿನಗೆ ಕಾಣುವುದಿಲ್ಲ. ಪಂಜರವೂ ಕಾಣುವುದಿಲ್ಲ.

ರಘು ಬರೆದದ್ದರಲ್ಲಿ ಇಡೀ ಜಗಳಕ್ಕೆ ಉತ್ತರ ಇತ್ತು. ಎಷ್ಟು ಸಲ ಅನ್ನುವುದು ಮೊಲವನ್ನು ನೋಡಿ ಹೇಳುವ ಮಾತಲ್ಲ, ಸೀಸೆಯನ್ನು ನೋಡಿ ಹೇಳುವ ಮಾತು. ಯಾವ ಲಸಿಕೆ, ಯಾವ ತಳಿಗೆ, ಎಷ್ಟು ದಿನ ಕೆಲಸ ಮಾಡುತ್ತದೆ ಅಂತ ಪರೀಕ್ಷೆ ಮಾಡಿ ಬರೆದಿದ್ದಾರೋ ಅಷ್ಟು. ಜೀವನಪೂರ್ತಿ ಅಂತ ಬರೆದ ಸೀಸೆ ಒಂದೂ ಇಲ್ಲ. ನಾನು ಇದನ್ನೇ ಟೈಪ್ ಮಾಡುತ್ತಿದ್ದೆ, ಅನು ಅವಳ ಕಾರ್ಡಿನ ಫೋಟೋ ಹಾಕಿದಳು.

ಪುಟ್ಟ ಮಡಚುವ ಕಾರ್ಡು. ಒಂದು ಮೂಲೆ ಅರ್ಧಚಂದ್ರದ ಹಾಗೆ ಕಚ್ಚಿಹೋಗಿದೆ, ಮಸಿಯ ಕೆಲಸ. ಒಳಗೆ ಸೀಸೆಯಿಂದ ಕಿತ್ತು ಅಂಟಿಸಿದ ಬೆರಳುಗುರಿನಷ್ಟಗಲದ ಸ್ಟಿಕ್ಕರ್. ಅದರ ಮೇಲೆ ನೊಬಿವ್ಯಾಕ್ ಮಿಕ್ಸೊ ಆರ್‌ಎಚ್‌ಡಿ ಪ್ಲಸ್ ಅಂತ ಹೆಸರು, ಬ್ಯಾಚ್ ನಂಬರು. ಪಕ್ಕದಲ್ಲಿ ನೀಲಿ ಪೆನ್ನಿನಲ್ಲಿ ಹೋದ ವರ್ಷದ ತಾರೀಖು, ಅದರ ಕೆಳಗೆ ಮುಂದಿನ ತಾರೀಖು. ಸರಿಯಾಗಿ ಒಂದು ವರ್ಷದ ಅಂತರ. ಬೂದಿಯ ಕಾರ್ಡು ಮಾತ್ರ ಖಾಲಿ.

ಅನು: ಮಸಿಗೆ ಅನುಮಾನವೇ ಇಲ್ಲ, ವರ್ಷಕ್ಕೊಂದು. ಬೂದಿಯದ್ದೇ ತಲೆನೋವು. ಅವಳನ್ನು ಬೇರೆಯವರಿಂದ ತಂದೆ, ಹಿಂದೆ ಏನು ಹಾಕಿಸಿದ್ದಾರೆ ಗೊತ್ತಿಲ್ಲ. ಈ ಲಸಿಕೆಯಲ್ಲಿ ದುರ್ಬಲ ಮಾಡಿದ ಮಿಕ್ಸೊಮಾ ವೈರಸ್ಸೇ ಆರ್‌ಎಚ್‌ಡಿಯ ತುಣುಕನ್ನು ಹೊತ್ತುಕೊಂಡು ಹೋಗುತ್ತದಂತೆ. ಮೊದಲೇ ಬೇರೆ ಮಿಕ್ಸೊಮಟೋಸಿಸ್ ಲಸಿಕೆ ಹಾಕಿಸಿದ್ದರೆ, ಅಥವಾ ಆ ರೋಗ ಬಂದು ವಾಸಿಯಾಗಿದ್ದರೆ, ಹೊತ್ತುಕೊಂಡು ಬರುವವನನ್ನೇ ದೇಹ ಬಾಗಿಲಲ್ಲಿ ಹೊಡೆದುಹಾಕಬಹುದು. ಆಗ ಆರ್‌ಎಚ್‌ಡಿಗೆ ರಕ್ಷಣೆ ಸರಿಯಾಗಿ ಬರದೆ ಇರಬಹುದು. ಅದಕ್ಕೆ ಅವಳಿಗೆ ಎರಡು ವಾರ ಬಿಟ್ಟು ಆರ್‌ಎಚ್‌ಡಿಗೆ ಮಾತ್ರ ಇರುವ ಇನ್ನೊಂದು ಕೊಡೋಣ ಎಂದಿದ್ದಾರೆ ಡಾಕ್ಟರು.

ವಿಮಲತ್ತೆ: ಒಂದು ಮೊಲಕ್ಕೆ ಎರಡಾ? ದಂಧೆ ಅಂದಿದ್ದು ಸುಳ್ಳಾ ಈಗ?

ಚಿಕ್ಕಮ್ಮ: ಡಾಕ್ಟರ ಕೈಬರಹ ಎಷ್ಟು ಮುದ್ದಾಗಿದೆ.

ಇಲ್ಲಿಗೆ ಮುಗಿಯಬೇಕಿತ್ತು. ಪಚ್ಚು ಬಿಡಲಿಲ್ಲ.

ಪಚ್ಚು: ಮೊಲ ಅಂದಾಗ ನೆನಪಾಯಿತು. ಅಜ್ಜಿ ಮನೆಯ ಹಿತ್ತಲಲ್ಲಿ ಎರಡು ಬಿಳಿ ಮೊಲ ಇದ್ದವಲ್ಲ! ಮರದ ಪೆಟ್ಟಿಗೆಗೆ ದೊಡ್ಡ ಮಾವ ಜಾಲರಿ ಹೊಡೆದಿದ್ದರು. ಮುಟ್ಟಿದರೆ ಕಿವಿ ಬೆಚ್ಚಗಿರುತ್ತಿತ್ತು. ನಾವೆಲ್ಲ ಸಾಲಾಗಿ ನಿಂತು ಸರದಿ ಕಾಯುತ್ತಿದ್ದೆವು. ಆಮೇಲೆ ರಘು ಒದ್ದೆ ಹುಲ್ಲು ಹಾಕಿ ಸಾಯಿಸಿದ 😂

ಹತ್ತು ನಿಮಿಷದಲ್ಲಿ ಇಪ್ಪತ್ತು ಮೆಸೇಜು. ಒಬ್ಬರು ಪೆಟ್ಟಿಗೆ ಹಸಿರು ಬಣ್ಣದ್ದು ಎಂದರು, ಇನ್ನೊಬ್ಬರು ಬಣ್ಣವೇ ಹೊಡೆದಿರಲಿಲ್ಲ ಎಂದರು. ಒದ್ದೆ ಹುಲ್ಲಿನ ವಿಷಯದಲ್ಲಿ ಮಾತ್ರ ಎಲ್ಲರದ್ದೂ ಒಂದೇ ಮಾತು. ನಮ್ಮ ಮನೆಯಲ್ಲಿ ಅದು ಗಾದೆಯೇ ಆಗಿಬಿಟ್ಟಿದೆ. ಯಾರಾದರೂ ಏನಾದರೂ ಕೆಡಿಸಿದರೆ ‘ರಘು ಹುಲ್ಲು ಹಾಕಿದ ಹಾಗೆ’ ಎನ್ನುತ್ತೇವೆ. ನಾನೂ ಎಷ್ಟೋ ಸಲ ಹೇಳಿದ್ದೇನೆ. ಆಗ ಅವನಿಗೆ ಒಂಬತ್ತು ವರ್ಷ.

ಅನು ಆಗಿನ್ನೂ ಹುಟ್ಟಿರಲಿಲ್ಲ. ಅವಳಿಗೆ ಕಥೆ ಹೊಸದು.

ಅನು: ಹೇಗೆ ಸತ್ತವು?

ಪಚ್ಚು: ರಾತ್ರಿ ಚೆನ್ನಾಗಿದ್ದವು. ಬೆಳಿಗ್ಗೆ ನೋಡಿದರೆ ಎರಡೂ ಅಡ್ಡ ಬಿದ್ದಿದ್ದವು.

ಅನು: ಹೊಟ್ಟೆ ಉಬ್ಬಿತ್ತಾ? ಮೂಗಿನಲ್ಲಿ ರಕ್ತ ಇತ್ತಾ? ಆರ್‌ಎಚ್‌ಡಿಯಲ್ಲೂ ಹಾಗೆಯೇ ಆಗುತ್ತದೆ. ಲಿವರ್ ಹಾಳಾಗಿ ಎಷ್ಟೋ ಸಲ ಏನೂ ತೋರಿಸಿಕೊಳ್ಳದೆ ಸತ್ತುಬಿಡುತ್ತವೆ. ವೈರಸ್ಸು ಹೊರಗೆ ತಿಂಗಳುಗಟ್ಟಲೆ ಬದುಕುತ್ತದೆ. ಚಪ್ಪಲಿಯಲ್ಲಿ, ಹುಲ್ಲಿನಲ್ಲಿ, ನೊಣದ ಕಾಲಲ್ಲಿ ಬರುತ್ತದೆ.

ಗುಂಪಿನ ಮೇಲ್ಗಡೆ ‘ರಘು ಟೈಪ್ ಮಾಡುತ್ತಿದ್ದಾರೆ’ ಅಂತ ಬಂತು, ಹೋಯಿತು. ಮತ್ತೆ ಬಂತು.

ರಘು: ನಾನು ಹುಲ್ಲು ಹಾಕಿದ್ದು ಒಂದಕ್ಕೆ. ಇನ್ನೊಂದು ಹತ್ತಿರವೇ ಬರಲಿಲ್ಲ, ಮೂಲೆಯಲ್ಲಿ ಕೂತಿತ್ತು. ಅವತ್ತೇ ಹೇಳಿದೆ. ಯಾರೂ ಕೇಳಲಿಲ್ಲ.

ದೊಡ್ಡಪ್ಪ: ಈಗ ಅದೆಲ್ಲ ಯಾಕೆ.

ಅನು: ಆರ್‌ಎಚ್‌ಡಿಯೇ ಅಂತ ಹೇಳಲು ಆಗುವುದಿಲ್ಲ ರಘಣ್ಣ. ಅವತ್ತೇ ಲಿವರ್ ಪರೀಕ್ಷೆಗೆ ಕಳಿಸಬೇಕಿತ್ತು. ಇಷ್ಟು ವರ್ಷದ ಮೇಲೆ ಏನೂ ಗೊತ್ತಾಗುವುದಿಲ್ಲ.

ರಘು: ಗೊತ್ತು. ಮೂಲ ಇಲ್ಲ.

ಈ ಸಲ ಪಚ್ಚು ಸ್ಟಿಕ್ಕರ್ ಹಾಕಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒದ್ದೆ ಹುಲ್ಲಿನ ಮೆಸೇಜ್ ಇದ್ದ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಅಂತ ಕಂಡಿತು. ಅಷ್ಟರಲ್ಲಿ ಎಲ್ಲರೂ ಓದಿಯಾಗಿತ್ತು.

ಆಮೇಲೆ ವಿಮಲತ್ತೆ ಮತ್ತು ಚಿಕ್ಕಪ್ಪ ಪಂಜರಕ್ಕೆ ವಾಪಸಾದರು. ಬುಧವಾರ ಎರಡೂ ಮೊಲಕ್ಕೆ ಲಸಿಕೆ ಆಯಿತು, ಬೂದಿಗೆ ಇನ್ನೊಂದು ಬಾಕಿ ಅಂತ ಅನು ಹಾಕಿದಳು. ಹೋದದ್ದಕ್ಕೆ ಹಲ್ಲೂ ನೋಡಿದರಂತೆ. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಮಸಿಯ ಒಂದು ಹಲ್ಲು ಸೊಟ್ಟ ಬೆಳೆದಿತ್ತು. ಇದಕ್ಕೆ ಎರಡು ಲೈಕ್ ಬಂದವು. ಒಂದು ನನ್ನದು.

ಅದೇ ರಾತ್ರಿ ಹನ್ನೊಂದು ಗಂಟೆಗೆ ದೊಡ್ಡಪ್ಪ ನನಗೊಬ್ಬಳಿಗೇ ಮೆಸೇಜ್ ಮಾಡಿದರು. ಯಾವತ್ತೂ ವಾಯ್ಸ್ ಕಳಿಸುವವರು, ಅವತ್ತು ಟೈಪ್ ಮಾಡಿದ್ದರು.

‘ಒದ್ದೆ ಹುಲ್ಲಿನಿಂದ ಸತ್ತವು ಅಂತ ಮೊದಲು ಹೇಳಿದ್ದು ನಾನೋ, ನಿಮ್ಮಪ್ಪನೋ? ನಿನಗೆ ನೆನಪಿದೆಯಾ?’

ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಅವತ್ತು ಹಿತ್ತಲಲ್ಲಿ ಯಾರು ಎಲ್ಲಿ ನಿಂತಿದ್ದರು ಅಂತಲೂ ನನಗೆ ಚೆನ್ನಾಗಿ ನೆನಪಿದೆ. ‘ನೀವೇ ದೊಡ್ಡಪ್ಪ’ ಅಂತ ಟೈಪ್ ಮಾಡಿಟ್ಟಿದ್ದೇನೆ. ಇನ್ನೂ ಕಳಿಸಿಲ್ಲ.