ಸಹಾಯ ಬೇಕು: ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ಲೈನ್ ಕಟ್ ಮಾಡುವ ಸ್ವಿಚ್) ಕೈಬಿಡಬಾರದು ಅಂತ ಈಮೇಲ್‌ನಲ್ಲಿ ಹೇಗೆ ಬರೆಯಲಿ?

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್. ಈಗ ವೈರಿಂಗ್ ಮಾಡುತ್ತಿರುವ ಮನೆಯ ಮಾಲೀಕರು ದುಬೈನಲ್ಲಿದ್ದಾರೆ. ಮಾತೆಲ್ಲ ಈಮೇಲ್‌ನಲ್ಲೇ.

ನನ್ನ ಕೊಟೇಶನ್ ನೋಡಿ, "ಎಂಸಿಬಿ ಇದೆಯಲ್ಲ, ಆರ್‌ಸಿಸಿಬಿ ಸುಮ್ನೆ ಖರ್ಚು, ತೆಗೆದುಬಿಡಿ" ಎಂದು ಬರೆದಿದ್ದಾರೆ. ಎಂಸಿಬಿ ಅನ್ನೋ ಸ್ವಿಚ್ ತಾನಾಗೇ ಬಿದ್ದು ಲೈನ್ ಕಟ್ ಮಾಡೋದು ಓವರ್‌ಲೋಡ್, ಶಾರ್ಟ್ ಸರ್ಕ್ಯೂಟ್ ಆದಾಗ. ಗೀಸರ್‌ನಲ್ಲಿ ಲೀಕೇಜ್ ಆಗಿ ಯಾರಿಗಾದರೂ ಶಾಕ್ ಹೊಡೆದರೆ ಅದು ಬೀಳೋದೇ ಇಲ್ಲ. 30 ಮಿಲಿ ಆಂಪಿಯರ್‌ನಷ್ಟು ಸಣ್ಣ ಲೀಕೇಜ್‌ಗೂ ಬೀಳುವ ಆರ್‌ಸಿಸಿಬಿ ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಟ್ ಮಾಡುತ್ತೆ. ಆ ಮನೆಯಲ್ಲಿ ಇರೋರು ಅವರ ವಯಸ್ಸಾದ ತಂದೆ ತಾಯಿ. ನಾನಂತೂ ಅದಿಲ್ಲದೆ ಕೆಲಸ ಮುಗಿಸಲ್ಲ.

ಎದುರಿಗಿದ್ದಿದ್ದರೆ ಡಿಬಿ ಬಾಕ್ಸ್ (ಈ ಸ್ವಿಚ್‌ಗಳೆಲ್ಲ ಇರುವ ಪೆಟ್ಟಿಗೆ) ತೆಗೆದು, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಅದು ಬೀಳೋದನ್ನು ತೋರಿಸುತ್ತಿದ್ದೆ. ಬರೆಯೋಕೆ ಕೂತರೆ ಹೆದರಿಸಿದ ಹಾಗೆ ಆಗುತ್ತೆ, ಇಲ್ಲ ಬಿಲ್ ಜಾಸ್ತಿ ಮಾಡೋಕೆ ಹೇಳಿದ ಹಾಗೆ ಕಾಣುತ್ತೆ. ಮೂರು ಸಲ ಬರೆದು ಅಳಿಸಿದೆ.

ಇಂಥದ್ದನ್ನು ನೀವು ಹೇಗೆ ಬರೆಯುತ್ತೀರಿ? ಫೋಟೋ, ವಿಡಿಯೋ ಜೊತೆಗೆ ಕಳಿಸಿದರೆ ಒಳ್ಳೇದಾ? ನೀವು ಕಳಿಸಿದ ಒಂದು ಈಮೇಲ್, ಹೆಸರು ತೆಗೆದು ಇಲ್ಲಿ ಹಾಕಿದರೆ ದೊಡ್ಡ ಉಪಕಾರ. ಸೋಮವಾರದೊಳಗೆ ಉತ್ತರ ಕೊಡಬೇಕಿದೆ.